ಗ್ರೆಗ್ ಲೆಮಾಂಡ್ ದೊಡ್ಡವರಾದದ್ದು ಸವಾರಿಯಿಂದಲೋ, ಉಳಿದವರ ಹೆಸರು ಅಳಿಸಿಹೋದದ್ದರಿಂದಲೋ?

ಗಾಲಿಗಣಿತ
ಎಲ್ಲರಿಗೂ ನಮಸ್ಕಾರ. ನಮ್ಮ ಸೈಕಲ್ ಬಳಗದಲ್ಲಿ ಎದ್ದಿರುವ ಜಗಳವೊಂದನ್ನು ಇಲ್ಲಿಗೆ ತಂದಿದ್ದೇನೆ. ಫ್ರಾನ್ಸ್‌ನಲ್ಲಿ ಮೂರು ವಾರ ನಡೆಯುವ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಗೆದ್ದ ಅಮೆರಿಕದವರ ಪೈಕಿ ದಾಖಲೆಯಲ್ಲಿ ಈಗ ಉಳಿದಿರುವವರು ಗ್ರೆಗ್ ಲೆಮಾಂಡ್ ಒಬ್ಬರೇ. ಅವರು ಗೆದ್ದದ್ದು 1986, 1989 ಮತ್ತು 1990ರಲ್ಲಿ. ಉದ್ದೀಪನ ಮದ್ದು ಬಳಸಿದ ಕಾರಣಕ್ಕೆ ಫ್ಲಾಯ್ಡ್ ಲ್ಯಾಂಡಿಸ್ ಅವರ 2006ರ ಪ್ರಶಸ್ತಿಯನ್ನು ಮರುವರ್ಷ ಕಿತ್ತುಕೊಳ್ಳಲಾಯಿತು, ಅದೇ ಕಾರಣಕ್ಕೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳೂ ಪ್ರಶಸ್ತಿಗಳು 2012ರಲ್ಲಿ ರದ್ದಾದವು. ಲೆಮಾಂಡ್ ಅವರ ಹೆಸರು ಇಂದು ಇಷ್ಟು ಎತ್ತರದಲ್ಲಿ ಕಾಣುವುದಕ್ಕೆ ಸುತ್ತಲಿನ ಮರಗಳು ಬಿದ್ದಿರುವುದೇ ಕಾರಣ ಎಂದು ಬಳಗದ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆದರೆ ಅಭಿಮಾನದಿಂದ ಮಾತನಾಡುವುದು ಬೇಡ, ರಸ್ತೆಯ ಮೇಲೆ ನಡೆದದ್ದನ್ನೇ ಮುಂದಿಟ್ಟುಕೊಂಡು ಮಾತನಾಡೋಣ.

ಸಂಶಯಾತ್ಮ
ನಿಮ್ಮ ಬಳಗದವರ ಮಾತಿನಲ್ಲಿ ಹುರುಳಿದೆ. ಫ್ರಾನ್ಸ್‌ನ ಬೆರ್ನಾರ್ ಇನೊ ಐದು ಬಾರಿ ಗೆದ್ದವರು, ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಕೂಡ ಐದು ಬಾರಿ ಗೆದ್ದವರು. ಲೆಮಾಂಡ್ ಅವರ ಮೂರರಲ್ಲಿ ಒಂದು ಎಂಟು ಸೆಕೆಂಡಿನ ಗೆಲುವು, ಅದೂ ಎದುರಾಳಿಯ ಬಳಿ ಇಲ್ಲದ ಹ್ಯಾಂಡಲ್‌ಬಾರ್‌ನಿಂದ ಸಿಕ್ಕಿದ್ದು. ಇನ್ನೊಂದರಲ್ಲಿ ಅವರು ಒಂದೇ ಒಂದು ಹಂತವನ್ನೂ, ಎಂದರೆ ಒಂದು ದಿನದ ಓಟವನ್ನೂ, ಗೆಲ್ಲಲಿಲ್ಲ. ಮಿಕ್ಕ ಒಂದನ್ನು ಸ್ವಂತ ತಂಡದ ನಾಯಕನೇ ಬಿಟ್ಟುಕೊಟ್ಟ ಎಂದು ಹೇಳುವವರಿದ್ದಾರೆ.

ಬೆಳಗಿನ ಸವಾರ
ಆರ್ಮ್‌ಸ್ಟ್ರಾಂಗ್ ಮೊದಲ ಬಾರಿ ಟೂರ್ ಗೆದ್ದದ್ದು 1999ರಲ್ಲಿ, ಲೆಮಾಂಡ್ ನಿವೃತ್ತರಾದದ್ದು 1994ರಲ್ಲಿ. ಆ ಐದು ವರ್ಷ ಅವರ ಸುತ್ತ ಬೀಳುವುದಕ್ಕೆ ಯಾವ ಮರವೂ ಇರಲಿಲ್ಲ ಸ್ವಾಮಿ, ಆಗಲೂ ಅವರು ದೊಡ್ಡವರೇ ಆಗಿದ್ದರು.

ಹಳದಿ ಅಂಗಿ
ಚರ್ಚೆ ಮುಂದುವರಿಯಲಿ, ಆದರೆ ‘ಒಬ್ಬರೇ’ ಎಂಬ ಮಾತನ್ನು ನಾನು ಹಾಗೆಯೇ ಬಿಡುವವಳಲ್ಲ. 1984ರಲ್ಲಿ ಮಹಿಳೆಯರಿಗಾಗಿ ಟೂರ್ ಡಿ ಫ್ರಾನ್ಸ್ ನಡೆದಾಗ ಅದನ್ನು ಗೆದ್ದವರು ಕೊಲರಾಡೊದ ಮರಿಯಾನ್ ಮಾರ್ಟಿನ್. ಲೆಮಾಂಡ್ ಅವರ ಮೊದಲ ಗೆಲುವಿಗಿಂತ ಎರಡು ವರ್ಷ ಮುಂಚೆಯೇ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಅಮೆರಿಕಕ್ಕೆ ಬಂದಿತ್ತು. ಪ್ಯಾರಿಸ್‌ನ ವೇದಿಕೆಯಲ್ಲಿ ಆ ವರ್ಷದ ಪುರುಷರ ವಿಜೇತ ಲೊರಾನ್ ಫಿನ್ಯೋನ್ ಅವರ ಜೊತೆಯಲ್ಲೇ ಆಕೆ ನಿಂತಿದ್ದರು. 1983ರಲ್ಲಿ ಲೆಮಾಂಡ್ ವಿಶ್ವ ಚಾಂಪಿಯನ್ ಆದಾಗಲೂ ಪತ್ರಿಕೆಗಳು ಇದೇ ರಾಗ ಹಾಡಿದ್ದವು. ರಸ್ತೆ ಸೈಕ್ಲಿಂಗ್‌ನ ವಿಶ್ವ ಪ್ರಶಸ್ತಿಯನ್ನು ಆಡ್ರಿ ಮೆಕ್‌ಎಲ್ಮರಿ 1969ರಲ್ಲಿ, ಬೆತ್ ಹೈಡನ್ 1980ರಲ್ಲಿ ಅಮೆರಿಕಕ್ಕೆ ತಂದಾಗಿತ್ತು. ಲೆಮಾಂಡ್ ಮೊದಲಿಗರೇ, ಆದರೆ ಪುರುಷರಲ್ಲಿ ಮೊದಲಿಗರು.

ಬೆಳಗಿನ ಸವಾರ
ಮೇಡಂ, ಮರಿಯಾನ್ ಮಾರ್ಟಿನ್ ಅವರ ಬಗ್ಗೆ ಪ್ರತ್ಯೇಕ ಚರ್ಚೆಯನ್ನೇ ಆರಂಭಿಸಿ, ಓದುವುದಕ್ಕೆ ನಾವಿದ್ದೇವೆ.

ಹಳೆಯ ಗೇರ್
ಸಂಶಯಾತ್ಮ ಅವರು ಗೆಲುವುಗಳನ್ನು ಎಣಿಸುತ್ತಿದ್ದಾರೆ. ಗೆಲ್ಲಬಾರದೆಂದು ತಂಡವೇ ತಡೆದ ವರ್ಷವನ್ನೂ ಸೇರಿಸಿಕೊಳ್ಳದಿದ್ದರೆ ಆ ಎಣಿಕೆ ಸರಿಯಾಗುವುದಿಲ್ಲ, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಲೆಮಾಂಡ್ 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, ಬೆಳೆದದ್ದು ನೆವಾಡದ ರೀನೊ ಬಳಿಯ ವಾಷೊ ಕಣಿವೆಯಲ್ಲಿ. ಹುಡುಗನಿಗೆ ಹಿಮದ ಮೇಲಿನ ಸ್ಕೀಯಿಂಗ್ ಹುಚ್ಚು, ಬೇಸಿಗೆಯಲ್ಲಿ ಕಾಲು ಗಟ್ಟಿಯಾಗಿರಲಿ ಎಂದು ಹತ್ತಿದ್ದೇ ಸೈಕಲ್. 1979ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದರು. 1980ರ ಮಾಸ್ಕೊ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗಿದ್ದರೂ ಅಮೆರಿಕ ಬಹಿಷ್ಕಾರ ಹಾಕಿದ್ದರಿಂದ ಆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಫ್ರಾನ್ಸ್‌ನ ರೆನೊ ತಂಡವನ್ನು ನಡೆಸುತ್ತಿದ್ದ ಸಿರಿಲ್ ಗಿಮಾರ್ ಈ ಹುಡುಗನ ಮೇಲೆ ಕಣ್ಣಿಟ್ಟಿದ್ದರು. 1981ರಲ್ಲಿ ಲೆಮಾಂಡ್ ಇನೊ ಅವರ ತಂಡದಲ್ಲೇ ವೃತ್ತಿಜೀವನ ಆರಂಭಿಸಿದರು. 1984ರಲ್ಲಿ, ತಮ್ಮ ಮೊದಲ ಟೂರ್‌ನಲ್ಲೇ, ಮೂರನೆಯವರಾಗಿ ಯುವ ಸವಾರರ ಬಿಳಿ ಜೆರ್ಸಿಯನ್ನೂ ಪಡೆದರು.

ಇನ್ನು 1985. ಆ ಹೊತ್ತಿಗೆ ಇಬ್ಬರೂ ಬೆರ್ನಾರ್ ತಾಪಿ ಎಂಬ ಉದ್ಯಮಿಯ ಲಾ ವಿ ಕ್ಲೇರ್ ತಂಡದಲ್ಲಿದ್ದರು. ಇನೊ ಹಳದಿ ಜೆರ್ಸಿಯಲ್ಲಿದ್ದರು, ಆದರೆ ಸೆಂಟ್ ಎಟಿಯೆನ್‌ನಲ್ಲಿ ಬಿದ್ದು ಮೂಗು ಮುರಿದುಕೊಂಡಿದ್ದರಿಂದ ಉಸಿರಾಡುವುದಕ್ಕೇ ಕಷ್ಟಪಡುತ್ತಿದ್ದರು. ಪಿರನೀಸ್ ಪರ್ವತದ ಲೂಸ್ ಅರ್ದಿದೆನ್ ಏರಿನ ದಿನ ಲೆಮಾಂಡ್ ಅವರು ಸ್ಟೀಫನ್ ರೋಶ್ ಜೊತೆ ಮುಂದೆ ಹೋಗಿದ್ದರು, ಇನೊ ಹಿಂದೆ ಬಿದ್ದಿದ್ದರು. ಇನೊ ಹತ್ತಿರದಲ್ಲೇ ಬರುತ್ತಿದ್ದಾರೆ, ನೀನು ರೋಶ್‌ಗೆ ಸಹಕರಿಸಿ ಎಳೆಯಬೇಡ ಎಂದು ತಂಡದ ಕಾರಿನಿಂದ ಆದೇಶ ಬಂತು. ಹತ್ತಿರದಲ್ಲಿರಲಿಲ್ಲ, ಅಂತರ ಹೇಳಿದ್ದಕ್ಕಿಂತ ದೊಡ್ಡದಿತ್ತು. ಕೊನೆಗೆ ಇನೊ ಆ ಟೂರ್ ಗೆದ್ದದ್ದು 1 ನಿಮಿಷ 42 ಸೆಕೆಂಡಿನಿಂದ, ಎರಡನೆಯವರು ಲೆಮಾಂಡ್. ಮುಂದಿನ ವರ್ಷ ನಿನಗಾಗಿ ದುಡಿಯುತ್ತೇನೆ ಎಂದು ಇನೊ ಬಹಿರಂಗವಾಗಿಯೇ ಮಾತು ಕೊಟ್ಟರು.

ಆ ಮಾತು ಏನಾಯಿತೆಂಬುದು ಎಲ್ಲರಿಗೂ ಗೊತ್ತು. 1986ರಲ್ಲಿ ಪೌ ಪಟ್ಟಣದ ಹಂತದಲ್ಲಿ ಇನೊ ಪೆಡ್ರೊ ಡೆಲ್ಗಾಡೊ ಜೊತೆ ಮುಂದೆ ಓಡಿ, ಲೆಮಾಂಡ್ ಅವರಿಗಿಂತ ಒಟ್ಟು 5 ನಿಮಿಷ 25 ಸೆಕೆಂಡ್ ಮುಂದಾದರು. ಮರುದಿನವೂ ಅದೇ ಆಟ ಆಡಲು ಹೋಗಿ ಸುಸ್ತಾಗಿ ಕುಸಿದಾಗ ಸೂಪರ್‌ಬಾನ್ಯೆರ್ ಶಿಖರದಲ್ಲಿ ಲೆಮಾಂಡ್ ಒಬ್ಬರೇ ಮೊದಲಿಗರಾಗಿ ಬಂದರು, ಅಂತರ 40 ಸೆಕೆಂಡಿಗೆ ಇಳಿಯಿತು. ಆಲ್ಪ್ಸ್‌ನ ಗ್ರನೊನ್ ಏರಿನಲ್ಲಿ ಹಳದಿ ಜೆರ್ಸಿ ಕೈ ಬದಲಾಯಿತು. ಆಲ್ಪ್ ಡ್ವೆಝ್‌ನಲ್ಲಿ ಇಬ್ಬರೂ ಕೈಕೈ ಹಿಡಿದು ಗೆರೆ ದಾಟಿದ ಚಿತ್ರವನ್ನು ನೋಡಿ ಎಷ್ಟೋ ಮಂದಿ ಅದನ್ನು ಸ್ನೇಹವೆಂದುಕೊಂಡರು. ಅಂತಿಮ ಅಂತರ 3 ನಿಮಿಷ 10 ಸೆಕೆಂಡ್. ಇದನ್ನು ‘ಬಿಟ್ಟುಕೊಡುವುದು’ ಎನ್ನುವುದಾದರೆ, ಕಸಿದುಕೊಳ್ಳುವುದಕ್ಕೆ ಏನೆನ್ನುತ್ತೀರಿ?

ಸಂಶಯಾತ್ಮ
ಇನೊ ಅವರ ಪಕ್ಷವನ್ನೂ ಕೇಳಿ. ಎದುರಾಳಿಗಳನ್ನು ದಣಿಸುವುದಕ್ಕಾಗಿಯೇ ತಾನು ಹಾಗೆ ದಾಳಿ ಮಾಡಿದೆ, ಅದರ ಲಾಭ ಲೆಮಾಂಡ್‌ಗೇ ಆಯಿತು ಎಂದು ಅವರು ಹೇಳಿದ್ದಾರೆ. ಫಿನ್ಯೋನ್ ಆ ಟೂರ್ ಅನ್ನು ಅರ್ಧಕ್ಕೇ ಬಿಟ್ಟು ಹೋದದ್ದೂ ನಿಜ. ಐದು ಬಾರಿ ಗೆದ್ದವನಿಗೆ ಆರನೆಯದರ ಆಸೆ ಬರಬಾರದೇ?

ಹಳೆಯ ಗೇರ್
ಆಸೆ ಬರಲಿ, ತಪ್ಪಿಲ್ಲ. ಆರನೆಯದು ಬೇಕೆಂದು ನೇರವಾಗಿ ಹೇಳಿ ಓಡಿದ್ದರೆ ಅದು ಸ್ಪರ್ಧೆ. ಸಹಾಯ ಮಾಡುತ್ತಿದ್ದೇನೆ ಎನ್ನುತ್ತಲೇ ತಂಡದ ಜೊತೆಗಾರನ ಮೇಲೆ ಐದು ನಿಮಿಷ ಹೇರಿದರೆ ಅದಕ್ಕೆ ಬೇರೆ ಹೆಸರಿದೆ.

ವಿಜಯಪುರದ ಹುಡುಗ
ನಮ್ಮ ಕಡೆ ಸೈಕ್ಲಿಂಗ್ ಕಲಿಯುವ ಹುಡುಗರಿಗೆ ಕೋಚ್ ಮೊದಲು ಹೇಳುವ ಮಾತೇ ತಂಡದವನನ್ನು ಬೆನ್ನಟ್ಟಬಾರದು ಎಂಬುದು. ಹಾಗಾದರೆ ಲೆಮಾಂಡ್ ಅವರೇ 1982ರಲ್ಲಿ ಮಾಡಿದ್ದೇನು? ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾನಥನ್ ಬೋಯರ್ ಕೊನೆಯಲ್ಲಿ ಮುಂದಿದ್ದರು. ಬೋಯರ್ ಎಂದರೆ 1981ರಲ್ಲಿ ಟೂರ್‌ನಲ್ಲಿ ಓಡಿದ ಮೊದಲ ಅಮೆರಿಕದವರು. ಅವರನ್ನು ಅಟ್ಟಿಸಿಕೊಂಡು ಹೋದವರು ಅದೇ ದೇಶದ ಲೆಮಾಂಡ್. ಗೆದ್ದವರು ಇಟಲಿಯ ಜುಸೆಪ್ಪೆ ಸರೋನ್ನಿ, ಲೆಮಾಂಡ್ ಅವರಿಗೆ ಬೆಳ್ಳಿ ಬಂತು.

ಹಳೆಯ ಗೇರ್
ಒಳ್ಳೆಯ ಪ್ರಶ್ನೆ ತಮ್ಮಾ. ಆಗ ಅಮೆರಿಕದ ವೃತ್ತಿಪರ ಸವಾರರು ಬೇರೆ ಬೇರೆ ಯುರೋಪಿನ ತಂಡಗಳಲ್ಲಿ ಸಂಬಳಕ್ಕಿದ್ದವರು, ಹೆಸರಿಗೆ ಮಾತ್ರ ದೇಶದ ತಂಡ. ಆದರೂ ಅದು ಚಂದ ಕಾಣುವ ಕೆಲಸವಲ್ಲ, ಆಗಲೇ ಟೀಕೆಯೂ ಬಂದಿತ್ತು. ಮರುವರ್ಷ ಸ್ವಿಟ್ಜರ್ಲೆಂಡಿನ ಆಲ್ಟೆನ್‌ರೈನ್‌ನಲ್ಲಿ ಯಾರನ್ನೂ ಬೆನ್ನಟ್ಟುವ ಪ್ರಮೇಯವೇ ಬರದಂತೆ ಒಬ್ಬರೇ ಮುಂದೆ ಬಂದು ಗೆದ್ದರು. ಅಂದು ಎರಡನೆಯವರಾದವರು ಆದ್ರಿ ವಾನ್ ಡರ್ ಪೂಲ್, ಈಗಿನ ಮ್ಯಾಥ್ಯೂ ವಾನ್ ಡರ್ ಪೂಲ್ ಅವರ ತಂದೆ.

ಸ್ಯಾಕ್ರಮೆಂಟೊ ಕನ್ನಡಿಗ
ನಾನಿರುವ ಊರಿನಿಂದ ಲಿಂಕನ್ ಎಂಬ ಊರು ದೂರವೇನಿಲ್ಲ. 1987ರ ಏಪ್ರಿಲ್ 20ರಂದು ಲೆಮಾಂಡ್ ಅವರಿಗೆ ಗುಂಡು ತಗುಲಿದ್ದು ಅಲ್ಲಿಯೇ. ಹಿಂದಿನ ತಿಂಗಳು ಸ್ಪರ್ಧೆಯಲ್ಲಿ ಬಿದ್ದು ಮಣಿಕಟ್ಟು ಮುರಿದಿದ್ದರಿಂದ ಅವರು ಸುಧಾರಿಸಿಕೊಳ್ಳಲು ಮನೆಗೆ ಬಂದಿದ್ದರು. ಮನೆಯವರ ಜೊತೆ ಟರ್ಕಿ ಕೋಳಿಯ ಬೇಟೆಗೆ ಹೋದಾಗ, ಪೊದೆ ಅಲುಗಿದ್ದನ್ನು ಕಂಡು ಅವರ ಭಾವನೇ ಕೋವಿ ಹಾರಿಸಿದರು. ಸುಮಾರು 60 ಚರೆಗಳು ಬೆನ್ನು ಮತ್ತು ಪಕ್ಕೆಗೆ ನಾಟಿದವು, ಒಂದು ಶ್ವಾಸಕೋಶ ಕುಸಿಯಿತು, ಮೈಯ ರಕ್ತದ ದೊಡ್ಡ ಪಾಲು ಹರಿದುಹೋಯಿತು. ಬೇರೆ ಕೆಲಸಕ್ಕೆ ಹತ್ತಿರದಲ್ಲೇ ಹಾರಾಡುತ್ತಿದ್ದ ಪೊಲೀಸ್ ಹೆಲಿಕಾಪ್ಟರ್ ಅವರನ್ನು ಇಲ್ಲಿನ ಡೇವಿಸ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಂದದ್ದರಿಂದ ಜೀವ ಉಳಿಯಿತು. ಆಗ ಅವರ ಹೆಂಡತಿ ತುಂಬು ಗರ್ಭಿಣಿ. ಲೆಮಾಂಡ್ ಅವರಿಗೆ ವಯಸ್ಸು 25, ಹಾಲಿ ಟೂರ್ ಚಾಂಪಿಯನ್. ‘ಮೂರೇ ಗೆಲುವು’ ಎಂದು ಬರೆಯುವವರು 1987 ಮತ್ತು 1988ರ ಟೂರ್‌ಗಳಲ್ಲಿ ಅವರು ಓಡಲೇ ಇಲ್ಲ ಎಂಬುದನ್ನು ಜೊತೆಗೆ ಬರೆಯಬೇಕು.

ಮಲೆನಾಡಿನವ
ನಮ್ಮ ಅಜ್ಜನ ಕಾಲದಲ್ಲಿ ಬೇಟೆಗೆ ಹೋದವರ ಇಂಥ ಕಥೆಗಳು ಊರಿಗೊಂದು ಇದ್ದವು. ಅಲುಗಿದ ಪೊದೆಗೆ ಈಡು ಹಾರಿಸಬಾರದು, ಕಣ್ಣಿಗೆ ಪ್ರಾಣಿ ಪೂರ್ತಿ ಕಂಡ ಮೇಲೆಯೇ ಕುದುರೆ ಎಳೆಯಬೇಕು ಎಂಬುದನ್ನು ಹೇಳಿಕೊಟ್ಟ ಮೇಲಷ್ಟೇ ಹುಡುಗರ ಕೈಗೆ ಕೋವಿ ಕೊಡುತ್ತಿದ್ದರು. ಹತ್ತಿರದಿಂದ ಹಾರಿಸಿದ ಚರೆ ಹರಡದೆ ಒಂದೇ ಕಡೆ ಗುಂಪಾಗಿ ನುಗ್ಗುತ್ತದೆ. ಅವರು ಬದುಕಿದ್ದೇ ದೊಡ್ಡದು.

ಡಾಕ್ಟರಮ್ಮ
ಎಲ್ಲ ಚರೆಗಳನ್ನೂ ತೆಗೆಯಲಾಗಲಿಲ್ಲ. ಸುಮಾರು 35 ಚರೆಗಳು ಮೈಯಲ್ಲೇ ಉಳಿದವು, ಹೃದಯದ ಹೊದಿಕೆಯಲ್ಲೂ ಕೆಲವು ಇವೆ. ಆಳವಾಗಿ ಕೂತ ಚರೆಯನ್ನು ತೆಗೆಯಲು ಮಾಡುವ ಗಾಯ ಕೆಲವೊಮ್ಮೆ ಚರೆಗಿಂತ ಅಪಾಯಕಾರಿಯಾದ್ದರಿಂದ ವೈದ್ಯರು ಬಿಟ್ಟುಬಿಡುವುದುಂಟು. ಅಷ್ಟರ ಮೇಲೆ ಅದೇ ವರ್ಷ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ, ಮುಂದಿನ ವರ್ಷ ಕಾಲಿನ ಸ್ನಾಯುರಜ್ಜುವಿಗೆ ಇನ್ನೊಂದು. 1989ರ ಇಟಲಿಯ ಜಿರೊ ಸ್ಪರ್ಧೆಯಲ್ಲಿ ಅವರು ದಿನದಿನವೂ ಹಿಂದೆ ಬೀಳುತ್ತ, ಸೈಕಲ್ ಬಿಟ್ಟೇಬಿಡುವ ಯೋಚನೆಗೆ ಬಂದಿದ್ದರು. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆ ಕಂಡುಬಂದು, ಅದಕ್ಕೆ ಚುಚ್ಚುಮದ್ದು ಕೊಟ್ಟ ಮೇಲೆ ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತದಲ್ಲಿ) ಎರಡನೆಯವರಾದರು. ಆ ಜಿರೊ ಗೆದ್ದವರು ಫಿನ್ಯೋನ್. ಮುಂದಿನ ತಿಂಗಳಲ್ಲೇ ಇಬ್ಬರೂ ಫ್ರಾನ್ಸ್‌ನಲ್ಲಿ ಮುಖಾಮುಖಿಯಾದರು.

ಸಂಶಯಾತ್ಮ
ಗುಂಡೇಟಿನ ಬಗ್ಗೆ ನನಗೂ ಮರುಕವಿದೆ, ಅದನ್ನು ವಾದಕ್ಕೆ ತರುವುದಿಲ್ಲ. ಆದರೆ 1989ರ ಟೂರ್‌ನ ಕೊನೆಯ ದಿನದ ಟೈಮ್ ಟ್ರಯಲ್‌ಗೆ ಬನ್ನಿ. ಲೆಮಾಂಡ್ ಟ್ರಯಾಥ್ಲಾನ್‌ನವರು ಬಳಸುವ ಏರೋ ಬಾರ್ ಹಾಕಿಕೊಂಡು, ಮೊಣಕೈಗಳನ್ನು ಮುಂದೆ ಚಾಚಿ, ಉದ್ದ ಬಾಲದ ಹೆಲ್ಮೆಟ್ ತೊಟ್ಟಿದ್ದರು. ಫಿನ್ಯೋನ್ ಬರಿತಲೆ, ಹಿಂದೆ ಜುಟ್ಟು ಹಾರುತ್ತಿತ್ತು. ಬರೀ ಎಂಟು ಸೆಕೆಂಡು. ಗೆದ್ದದ್ದು ಕಾಲೋ, ಸಲಕರಣೆಯೋ?

ಗಾಲಿಗಣಿತ
ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್. ಲೆಮಾಂಡ್ ತೆಗೆದುಕೊಂಡ ಸಮಯ 26 ನಿಮಿಷ 57 ಸೆಕೆಂಡ್, ಎಂದರೆ ಗಂಟೆಗೆ 54.545 ಕಿಲೋಮೀಟರ್ ಸರಾಸರಿ. ಫಿನ್ಯೋನ್ 27 ನಿಮಿಷ 55 ಸೆಕೆಂಡ್ ತೆಗೆದುಕೊಂಡರು. 50 ಸೆಕೆಂಡ್ ಮುಂದಿದ್ದವರು 58 ಸೆಕೆಂಡ್ ಕಳೆದುಕೊಂಡರೆ ಉಳಿಯುವುದು ಆ ಎಂಟು. ದಾರಿ ಇಳಿಜಾರಿನ ಕಡೆಗಿತ್ತು, ಅದು ಇಬ್ಬರಿಗೂ ಒಂದೇ.

ಈಗ ಅದೇ ಟೂರ್‌ನ ಐದನೆಯ ಹಂತವನ್ನು ನೋಡಿ. ದಿನಾರ್‌ನಿಂದ ರೆನ್‌ವರೆಗೆ 73 ಕಿಲೋಮೀಟರಿನ ಟೈಮ್ ಟ್ರಯಲ್. ಅಂದೂ ಲೆಮಾಂಡ್ ಸೈಕಲ್‌ನಲ್ಲಿ ಅದೇ ಏರೋ ಬಾರ್ ಇತ್ತು, ಅಂದು ಲೆಮಾಂಡ್ ಅವರು ಫಿನ್ಯೋನ್‌ಗಿಂತ 56 ಸೆಕೆಂಡ್ ಮುಂದಿದ್ದರು. ಮೂರು ಪಟ್ಟು ದೂರಕ್ಕೆ 56 ಸೆಕೆಂಡ್ ಕೊಟ್ಟ ಬಾರ್, ಮೂರನೆಯ ಒಂದು ಭಾಗದ ದೂರಕ್ಕೆ 58 ಸೆಕೆಂಡ್ ಹೇಗೆ ಕೊಟ್ಟೀತು? ಕೊನೆಯ ದಿನ ಬೇರೇನೋ ಸೇರಿಕೊಂಡಿತ್ತು. ಫಿನ್ಯೋನ್ ಅವರಿಗೆ ಸೀಟು ತಗಲುವ ಜಾಗದಲ್ಲಿ ಹುಣ್ಣಾಗಿ ಕೂರುವುದೇ ಕಷ್ಟವಾಗಿತ್ತು. ಲೆಮಾಂಡ್ ನಡುದಾರಿಯಲ್ಲಿ ತನಗೆ ಯಾರೂ ಸಮಯ ಕೂಗಿ ಹೇಳಬಾರದೆಂದು ತಂಡಕ್ಕೆ ತಿಳಿಸಿ ತಲೆತಗ್ಗಿಸಿ ತುಳಿದರು.

ಇನ್ನೊಂದು ಮಾತು. ರೆನ್ ಹಂತದಲ್ಲಿ ಎಲ್ಲರ ಕಣ್ಣೆದುರೇ ಬಳಸಿದ ಬಾರ್ ಅದು, ಅಧಿಕಾರಿಗಳು ಒಪ್ಪಿದ್ದ ಬಾರ್. ಆ ದಿನಕ್ಕೂ ಪ್ಯಾರಿಸ್‌ಗೂ ನಡುವೆ ಎರಡು ವಾರಕ್ಕೂ ಹೆಚ್ಚು ಸಮಯವಿತ್ತು. ಫಿನ್ಯೋನ್ ಅವರ ತಂಡವನ್ನು ನಡೆಸುತ್ತಿದ್ದವರು ಗಿಮಾರ್, ಗಾಳಿಯ ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲದವರು.

ಸಂಶಯಾತ್ಮ
ಹುಣ್ಣನ್ನು ನೀವೇ ಒಪ್ಪಿದ್ದೀರಿ. ಹಾಗಾದರೆ ಅದು ಎದುರಾಳಿಯ ದುರದೃಷ್ಟದಿಂದ ಬಂದ ಗೆಲುವಾಯಿತು.

ಬೆಳಗಿನ ಸವಾರ
ಮೈಯಲ್ಲಿ 35 ಚರೆ ಹೊತ್ತು ಓಡಿದವನ ಎದುರು ಹುಣ್ಣಿನ ದುರದೃಷ್ಟವನ್ನು ತೂಗುತ್ತಿದ್ದೀರಲ್ಲ ಸಾರ್, ತಕ್ಕಡಿ ಯಾವ ಅಂಗಡಿಯದು?

ಹಳದಿ ಅಂಗಿ
ಅದೇ ಟೂರ್‌ನ ಹತ್ತುವ ಟೈಮ್ ಟ್ರಯಲ್ ಒಂದನ್ನು ಯಾರೂ ಹೇಳಲಿಲ್ಲ. ಓರ್ಸಿಯೆರ್ ಮೆರ್ಲೆಟ್ ಶಿಖರಕ್ಕೆ 39 ಕಿಲೋಮೀಟರ್. ಏರಿನಲ್ಲಿ ವೇಗ ಇಳಿದಂತೆ ಗಾಳಿಯ ತಡೆಯೂ ಇಳಿಯುತ್ತದೆ, ಅಲ್ಲಿ ಏರೋ ಬಾರ್‌ಗೆ ಹೆಚ್ಚು ಕೆಲಸವಿಲ್ಲ. ಅಲ್ಲಿಯೂ ಲೆಮಾಂಡ್ ಫಿನ್ಯೋನ್‌ಗಿಂತ 47 ಸೆಕೆಂಡ್ ವೇಗವಾಗಿದ್ದರು. ಫಿನ್ಯೋನ್ ಮತ್ತೆ ಮುನ್ನಡೆ ಪಡೆದದ್ದು ಆಲ್ಪ್ ಡ್ವೆಝ್‌ನಲ್ಲಿ. ಮೂರು ವಾರ ಹಳದಿ ಜೆರ್ಸಿ ಈ ಇಬ್ಬರ ನಡುವೆ ಚೆಂಡಿನಂತೆ ಹೋಗಿಬಂದು ಮಾಡಿತು. ಆ ಟೂರ್ ಅನ್ನು ಕೊನೆಯ 27 ನಿಮಿಷಕ್ಕೆ ಇಳಿಸಿ ಮಾತನಾಡುವುದೇ ಇಬ್ಬರಿಗೂ ಮಾಡುವ ಅನ್ಯಾಯ. ಫಿನ್ಯೋನ್ 1983 ಮತ್ತು 1984ರಲ್ಲಿ ಟೂರ್ ಗೆದ್ದ ದೊಡ್ಡ ಸವಾರ. 2010ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಳ್ಳುವವರೆಗೂ ಜನ ಅವರನ್ನು ಎಂಟು ಸೆಕೆಂಡಿನಿಂದ ಸೋತವನೆಂದೇ ಗುರುತಿಸುತ್ತಿದ್ದರು.

ವಿಜಯಪುರದ ಹುಡುಗ
ಒಂದೂ ಹಂತ ಗೆಲ್ಲದೆ ಟೂರ್ ಗೆಲ್ಲುವುದು ಹೇಗೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಿ.

ಬೆಳಗಿನ ಸವಾರ
ಸಮಯ ಕೂಡಿಸುವ ಆಟವಿದು, ಗೆರೆಯನ್ನು ಮೊದಲು ಮುಟ್ಟುವುದಕ್ಕೂ ಒಟ್ಟು ಸಮಯಕ್ಕೂ ನೇರ ಸಂಬಂಧವಿರಲೇಬೇಕೆಂದಿಲ್ಲ. 1990ರ ಮೊದಲ ಹಂತದಲ್ಲೇ ನಾಲ್ವರು ಸವಾರರು ಗುಂಪಿನಿಂದ ತಪ್ಪಿಸಿಕೊಂಡು ಹತ್ತು ನಿಮಿಷಕ್ಕೂ ಹೆಚ್ಚು ಮುಂದೆ ಹೋದರು. ಅವರಲ್ಲಿ ಇಟಲಿಯ ಕ್ಲಾಡಿಯೊ ಕಿಯಪ್ಪುಚ್ಚಿ ಒಬ್ಬರು, ಲೆಮಾಂಡ್ ಅವರ ಝಡ್ ತಂಡದವರೇ ಆದ ರೊನಾನ್ ಪೆನ್ಸೆಕ್ ಇನ್ನೊಬ್ಬರು. ಪೆನ್ಸೆಕ್ ಅವರ ಕೈಗೆ ಹಳದಿ ಜೆರ್ಸಿ ಬಂದಾಗ ಲೆಮಾಂಡ್ ದಾಳಿ ಮಾಡಲಿಲ್ಲ ಎಂಬುದನ್ನು 1986ರ ಇನೊ ಅಭಿಮಾನಿಗಳು ಗಮನಿಸಬೇಕು.

ಆಮೇಲೆ ಲೆಮಾಂಡ್ ಅವರು ಕಿಯಪ್ಪುಚ್ಚಿಯ ಮುನ್ನಡೆಯ ಗಂಟನ್ನು ಕರಗಿಸುತ್ತ ಬಂದರು. ಲೂಸ್ ಅರ್ದಿದೆನ್‌ನ ಹೊತ್ತಿಗೆ ಅಂತರ ಕೇವಲ ಐದು ಸೆಕೆಂಡ್. ಮುಂದಿನ ಹಂತದಲ್ಲಿ ಮರಿ ಬ್ಲಾಂಕ್ ಘಾಟಿಯಲ್ಲಿ ಲೆಮಾಂಡ್ ಅವರ ಚಕ್ರ ಪಂಕ್ಚರ್ ಆಯಿತು, ಅದೇ ಹೊತ್ತಿಗೆ ಕಿಯಪ್ಪುಚ್ಚಿ ಬಿರುಸಾಗಿ ಓಡಿದರು. ಮುಂದೆ ಗೆಲುವಿನ ಗುಂಪಿನಲ್ಲಿದ್ದ ಜಿಲ್ಬೆರ್ ದುಕ್ಲೊ ಲಸಾಲ್ ತನ್ನ ಅವಕಾಶ ಕೈಬಿಟ್ಟು, ನಾಯಕನಿಗಾಗಿ ಕಾದು, ಎಳೆದು ತಂದರು. ಆ ಇಳಿಜಾರಿನಲ್ಲಿ ಲೆಮಾಂಡ್ ಇಳಿದ ರೀತಿಯನ್ನು ನೋಡಿದ ಯಾರೂ ಅವರನ್ನು ಬರೀ ಲೆಕ್ಕಾಚಾರದ ಸವಾರ ಎನ್ನುವುದಿಲ್ಲ. ವಾಸಿವಿಯೆರ್ ಸರೋವರದ ಟೈಮ್ ಟ್ರಯಲ್‌ನಲ್ಲಿ ಜೆರ್ಸಿ ಕೈಸೇರಿತು, 2 ನಿಮಿಷ 16 ಸೆಕೆಂಡಿನಿಂದ ಟೂರ್ ಗೆದ್ದರು.

ಹಳೆಯ ಗೇರ್
ಝಡ್ ತಂಡ ಅವರಿಗೆ ಮೂರು ವರ್ಷಕ್ಕೆ ಕೊಟ್ಟದ್ದು ಸುಮಾರು 55 ಲಕ್ಷ ಡಾಲರ್. ಅಲ್ಲಿಯವರೆಗೆ ರೈತರ ಮತ್ತು ಕಾರ್ಮಿಕರ ಮಕ್ಕಳ ಕಸುಬಾಗಿದ್ದ ಸೈಕ್ಲಿಂಗ್‌ನಲ್ಲಿ ಅಂಥ ಮೊತ್ತವನ್ನು ಯಾರೂ ಕೇಳಿದ್ದಿಲ್ಲ. ಇಂದು ಒಳ್ಳೆಯ ಸವಾರನಿಗೆ ಕೈತುಂಬ ಸಂಬಳ ಸಿಗುತ್ತಿರುವುದರಲ್ಲಿ ಅವರ ಚೌಕಾಸಿಯ ಪಾಲಿದೆ. ಟೂರ್ ಪದಕಗಳಷ್ಟೇ ವೃತ್ತಿಜೀವನ ಎನ್ನುವವರು ಇದನ್ನೂ ಎಣಿಸಲಿ.

ಸಂಶಯಾತ್ಮ
ಸರಿ, 1990ರ ಬಳಿಕ ಏನಾಯಿತು? 29ನೆಯ ವಯಸ್ಸಿಗೆ ಮೂರನೆಯದು ಗೆದ್ದವರು ಮರುವರ್ಷ ಏಳನೆಯವರು, 1992ರಲ್ಲಿ ಟೂರ್ ಅನ್ನೇ ಪೂರೈಸಲಿಲ್ಲ.

ಡಾಕ್ಟರಮ್ಮ
1994ರ ಡಿಸೆಂಬರ್‌ನಲ್ಲಿ ನಿವೃತ್ತಿ ಹೇಳುವಾಗ ಅವರು ಕೊಟ್ಟ ಕಾರಣ ಮೈಟೊಕಾಂಡ್ರಿಯಾದ ಸ್ನಾಯುರೋಗ. ನಂತರದ ವರ್ಷಗಳಲ್ಲಿ ಆ ರೋಗನಿರ್ಣಯದ ಬಗ್ಗೆ ಅವರೇ ಸಂದೇಹಪಟ್ಟರು, ಅತಿಯಾದ ತರಬೇತಿಯನ್ನೂ ಕಾರಣವಾಗಿ ಹೇಳಿದರು. ಅದೇ ವರ್ಷಗಳಲ್ಲಿ ಇಪಿಒ ಎಂಬ ಮದ್ದು ಸವಾರರ ಗುಂಪಿಗೆ ನುಗ್ಗಿತ್ತು. ಅದು ಕೆಂಪು ರಕ್ತಕಣಗಳನ್ನು ಹೆಚ್ಚಿಸಿ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಸಿಗುವಂತೆ ಮಾಡುತ್ತದೆ. 1997ರಲ್ಲಿ ಹೆಮಟೊಕ್ರಿಟ್‌ಗೆ, ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲಿಗೆ, 50 ಪ್ರತಿಶತದ ಮಿತಿ ಹಾಕುವವರೆಗೆ ಅದಕ್ಕೆ ಹಿಡಿತವೇ ಇರಲಿಲ್ಲ. ಒಬ್ಬ ಸವಾರ ನಿಧಾನವಾದನೋ, ಸುತ್ತಲಿನವರು ವೇಗವಾದರೋ ಎಂಬುದನ್ನು ಫಲಿತಾಂಶದ ಪಟ್ಟಿ ನೋಡಿ ಹೇಳಲಾಗದು.

ಸ್ಯಾಕ್ರಮೆಂಟೊ ಕನ್ನಡಿಗ
ಅದಕ್ಕೆ ಬಾಯಿ ಬಿಟ್ಟು ಬೆಲೆ ತೆತ್ತವರೂ ಅವರೇ. 2001ರಲ್ಲಿ ಆರ್ಮ್‌ಸ್ಟ್ರಾಂಗ್ ಅವರಿಗೂ ಉದ್ದೀಪನ ಮದ್ದಿನ ಆರೋಪ ಹೊತ್ತಿದ್ದ ಮಿಕೆಲೆ ಫೆರಾರಿ ಎಂಬ ವೈದ್ಯರಿಗೂ ಇದ್ದ ನಂಟನ್ನು ಲೆಮಾಂಡ್ ಬಹಿರಂಗವಾಗಿ ಟೀಕಿಸಿದಾಗ, ಇಲ್ಲಿನ ಜನ ಅವರನ್ನು ಹೊಟ್ಟೆಕಿಚ್ಚಿನ ಹಳಬನೆಂದು ಕರೆದರು. ಕೆಲವೇ ವಾರಗಳಲ್ಲಿ ಅವರು ಕ್ಷಮೆ ಕೇಳುವ ಹೇಳಿಕೆಯನ್ನೂ ಕೊಡಬೇಕಾಯಿತು. ಅವರ ಹೆಸರಿನ ಸೈಕಲ್‌ಗಳನ್ನು ತಯಾರಿಸುತ್ತಿದ್ದ ಟ್ರೆಕ್ ಕಂಪನಿಯ ಜೊತೆಗಿನ ಜಗಳ 2008ರಲ್ಲಿ ನ್ಯಾಯಾಲಯಕ್ಕೆ ಹೋಗಿ 2010ರಲ್ಲಿ ರಾಜಿಯಾಯಿತು. ಆರ್ಮ್‌ಸ್ಟ್ರಾಂಗ್ 2013ರ ಜನವರಿಯಲ್ಲಿ ಟಿವಿಯಲ್ಲಿ ತಪ್ಪೊಪ್ಪಿಕೊಂಡರು. 2020ರಲ್ಲಿ ಅಮೆರಿಕದ ಸಂಸತ್ತು ಲೆಮಾಂಡ್ ಅವರಿಗೆ ತನ್ನ ಚಿನ್ನದ ಪದಕ ಕೊಡುವ ಮಸೂದೆಯನ್ನು ಅಂಗೀಕರಿಸಿತು.

ಸಂಶಯಾತ್ಮ
ನೋಡಿ, ನೀವೇ ಮತ್ತೆ ಆರ್ಮ್‌ಸ್ಟ್ರಾಂಗ್ ಹೆಸರಿಗೆ ಬಂದಿರಿ. ಅವರ ಪತನವಿಲ್ಲದೆ ಲೆಮಾಂಡ್ ಕಥೆ ಹೇಳಲು ನಿಮಗೂ ಆಗುವುದಿಲ್ಲ.

ಗಾಲಿಗಣಿತ
ಆಗುತ್ತದೆ. 1989ರ ಆಗಸ್ಟ್ 27, ಫ್ರಾನ್ಸ್‌ನ ಶಾಂಬೆರಿ, ವಿಶ್ವ ಚಾಂಪಿಯನ್‌ಷಿಪ್. ಪ್ಯಾರಿಸ್‌ನ ಆ ದಿನ ಕಳೆದು ಒಂದು ತಿಂಗಳ ಮೇಲೆ ಕೆಲವೇ ದಿನಗಳಾಗಿದ್ದವು. ಇದು ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಸ್ಪರ್ಧೆ, ಆದ್ದರಿಂದ ಏರೋ ಬಾರ್ ಇಲ್ಲ, ಬಾಲದ ಹೆಲ್ಮೆಟ್ ಇಲ್ಲ, ಎಲ್ಲರಿಗೂ ಒಂದೇ ಬಗೆಯ ಬಾಗಿದ ಹ್ಯಾಂಡಲ್. ಸುರಿಯುವ ಮಳೆಯಲ್ಲಿ ಫಿನ್ಯೋನ್ ಕೊನೆಯ ಸುತ್ತಿನಲ್ಲಿ ಸೇಡು ತೀರಿಸಿಕೊಳ್ಳುವವರಂತೆ ದಾಳಿ ಮಾಡಿದರು, ಲೆಮಾಂಡ್ ಅವರನ್ನು ಹಿಡಿದರು. ಗೆರೆಯ ಬಳಿ ಸೋವಿಯತ್ ಒಕ್ಕೂಟದ ದಿಮಿತ್ರಿ ಕೊನಿಷೆವ್ ಎರಡನೆಯವರು, ಸ್ಪ್ರಿಂಟ್‌ನಲ್ಲಿ ಹೆಸರಾದ ಷಾನ್ ಕೆಲಿ ಮೂರನೆಯವರು, ಲೆಮಾಂಡ್ ಮೊದಲಿಗರು. ಇದರಲ್ಲಿ ಬಾರ್ ಎಲ್ಲಿದೆ, ಆರ್ಮ್‌ಸ್ಟ್ರಾಂಗ್ ಎಲ್ಲಿದ್ದಾರೆ ಹೇಳಿ.

ಸಂಶಯಾತ್ಮ
ಶಾಂಬೆರಿಯನ್ನು ಒಪ್ಪಿದೆ. 1986ರ ವಿಷಯದಲ್ಲಿ ಮಾತ್ರ ನಾನು ಈಗಲೂ ಇನೊ ಪಕ್ಷವೇ.

ಹಳೆಯ ಗೇರ್
ಹಾಗಾದರೆ ಪೌ ಹಂತದ ಆ ದಾಳಿಯಿಂದ ಯಾರಿಗೆ ಸಹಾಯವಾಯಿತೆಂದು ಬರೆದು ತಿಳಿಸಿ, ನಾನು ಇಲ್ಲೇ ಇರುತ್ತೇನೆ.